ಇಷ್ಟು ಚಿಕ್ಕ ಸಿಲ್ವಿಯಾಗೆ ಎರಡು ಚಂದ್ರ ಹೇಗೆ?

ಪ್ರಶ್ನೆ: ‘87 ಸಿಲ್ವಿಯಾ’ ಎಂಬ ಕ್ಷುದ್ರಗ್ರಹವನ್ನು ಮದ್ರಾಸಿನಿಂದ ಕಂಡುಹಿಡಿದರು, ಅದಕ್ಕೆ ಎರಡು ಚಂದ್ರಗಳಿವೆ ಎಂದು ಓದಿದೆ. ಇಷ್ಟು ದೊಡ್ಡ ಭೂಮಿಗೇ ಇರೋದು ಒಂದು. ಸರಾಸರಿ ಮುನ್ನೂರು ಕಿಲೋಮೀಟರ್ ಅಗಲವೂ ಇಲ್ಲದ ಕಲ್ಲು ಎರಡನ್ನು ಹೇಗೆ ಹಿಡಿದಿಟ್ಟುಕೊಂಡಿದೆ? ಒಂದು ಕಡೆ ಅದು ಬರೀ ಕಲ್ಲಿನ ರಾಶಿ, ಒಳಗೆಲ್ಲ ಸಂದುಗೊಂದು ಅಂತಾರೆ. ಇನ್ನೊಂದು ಕಡೆ ನಡುವೆ ಗಟ್ಟಿ ತಿರುಳಿದೆ ಅಂತಾರೆ. ಅಲ್ಲಿಗೆ ಯಾವ ನೌಕೆಯೂ ಹೋಗಿಲ್ಲ. ಮತ್ತೆ ಇದೆಲ್ಲ ಹೇಗೆ ಗೊತ್ತಾಯಿತು? ಸಣ್ಣ ಟೆಲಿಸ್ಕೋಪಿನಲ್ಲಿ ಅದನ್ನು ನೋಡಬಹುದಾ? (ಶಿವಮೊಗ್ಗದ ಒಬ್ಬ ಓದುಗರು)

ಉತ್ತರ:

ಚಂದ್ರಗಳು ಹೇಗೆ ನಿಂತಿವೆ ಅನ್ನುವುದು ಒಂದು ಪ್ರಶ್ನೆ, ಒಳಗೇನಿದೆ ಅಂತ ಹೇಗೆ ಗೊತ್ತಾಯಿತು ಅನ್ನುವುದು ಇನ್ನೊಂದು ಅಂತ ನೀವು ಬಿಡಿಸಿ ಕೇಳಿದ್ದೀರಿ. ನಿಜವಾಗಿ ಅವೆರಡೂ ಒಂದೇ. ಎರಡಕ್ಕೂ ಉತ್ತರ ಸಿಗುವುದು ಆ ಚಂದ್ರಗಳ ಓಟದಲ್ಲೇ. ಅವು ಇಲ್ಲದಿದ್ದರೆ ಸಿಲ್ವಿಯಾದ ಹೊಟ್ಟೆಯೊಳಗಿನ ಸಂಗತಿ ಹಾಗಿರಲಿ, ಅದರ ತೂಕವನ್ನು ಇಷ್ಟು ನಿಖರವಾಗಿ ಹೇಳುವುದೂ ಕಷ್ಟವಿತ್ತು.

ಮೊದಲು ಅದು ಎಲ್ಲಿದೆ ನೋಡೋಣ. ಮಂಗಳ ಮತ್ತು ಗುರುವಿನ ನಡುವೆ ಕ್ಷುದ್ರಗ್ರಹಗಳ ಪಟ್ಟಿ ಇದೆಯಲ್ಲ, ಸಿಲ್ವಿಯಾ ಇರುವುದು ಅದರ ಹೊರ ಅಂಚಿನಲ್ಲಿ. ಸೂರ್ಯನಿಂದ ಸರಾಸರಿ 52 ಕೋಟಿ ಕಿಲೋಮೀಟರ್. ಅಂದರೆ ಸೂರ್ಯನಿಗೂ ಭೂಮಿಗೂ ಇರುವ ದೂರದ ಮೂರೂವರೆ ಪಟ್ಟು. ಸೂರ್ಯನನ್ನು ಒಂದು ಸುತ್ತು ಹಾಕಲು ಆರೂವರೆ ವರ್ಷ ಬೇಕು. ಪಟ್ಟಿಯ ಆ ಭಾಗದಲ್ಲಿ, ಸೂರ್ಯ–ಭೂಮಿ ದೂರದ ಸುಮಾರು 3.28 ಪಟ್ಟಿನಲ್ಲಿ, ಒಂದು ಖಾಲಿ ಜಾಗವಿದೆ. ಅಲ್ಲಿರುವ ಕಲ್ಲು ಗುರು ಒಂದು ಸುತ್ತು ಮುಗಿಸುವಷ್ಟರಲ್ಲಿ ಸರಿಯಾಗಿ ಎರಡು ಸುತ್ತು ಹಾಕುತ್ತದೆ. ಹಾಗಾಗಿ ಗುರುವಿನ ಎಳೆತ ಪ್ರತಿ ಸಲವೂ ಅದೇ ಲಯದಲ್ಲಿ ಬೀಳುತ್ತದೆ. ಕಲ್ಲಿನ ದಾರಿ ಕೆಡುತ್ತಾ ಹೋಗಿ ಕೊನೆಗೆ ಅದು ಜಾಗ ಬಿಡುತ್ತದೆ. ಪಟ್ಟಿಯ ಬಹುಪಾಲು ಕ್ಷುದ್ರಗ್ರಹಗಳು ಈ ಖಾಲಿ ಜಾಗದ ಒಳಗಡೆ, ಸೂರ್ಯನ ಕಡೆಗೆ ಇವೆ. ಸಿಲ್ವಿಯಾ ಅದರ ಆಚೆ, ಸಿಬಿಲಿ ಗುಂಪು ಎನ್ನುವ ವಿರಳವಾದ ಭಾಗದಲ್ಲಿದೆ.

‘ಇಷ್ಟು ಚಿಕ್ಕ ಕಲ್ಲು’ ಅಂದಿದ್ದೀರಿ. ಭೂಮಿಯ ಪಕ್ಕ ಇಟ್ಟರೆ ನಿಜ. ಆದರೆ ಲಕ್ಷಾಂತರ ಕ್ಷುದ್ರಗ್ರಹಗಳಿರುವ ಆ ಪಟ್ಟಿಯಲ್ಲಿ ಗಾತ್ರದಲ್ಲಿ ಇದು ಮೊದಲ ಹತ್ತರೊಳಗೆ ಬರುತ್ತದೆ. ಆಕಾರ ಮಾತ್ರ ದುಂಡಗಿಲ್ಲ. ಉದ್ದ 363, ಅಗಲ 249, ದಪ್ಪ 191 ಕಿಲೋಮೀಟರ್. ಇದೇ ಗಾತ್ರವನ್ನು ಉಂಡೆ ಕಟ್ಟಿದರೆ ವ್ಯಾಸ ಸುಮಾರು 274 ಕಿಲೋಮೀಟರ್ ಆಗುತ್ತದೆ. ತುಂಬ ಕಪ್ಪು ಮೈ. ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕೈದು ಪಾಲನ್ನಷ್ಟೇ ವಾಪಸ್ ಕಳಿಸುತ್ತದೆ. ಅದರ ಒಂದು ದಿನ ಅಂದರೆ 5 ಗಂಟೆ 11 ನಿಮಿಷ. ಇಷ್ಟು ದೊಡ್ಡ ದೇಹಕ್ಕೆ ಇದು ಸಾಕಷ್ಟು ಜೋರಾದ ತಿರುಗಾಟ. ಉದ್ದದ ತುದಿಯಲ್ಲಿ ನಿಂತರೆ, ಅಲ್ಲಿನ ಅಲ್ಪಸ್ವಲ್ಪ ಗುರುತ್ವದಲ್ಲಿ ದೊಡ್ಡ ಪಾಲನ್ನು ಈ ತಿರುಗಾಟವೇ ತಿಂದುಹಾಕುತ್ತದೆ.

ಈಗ ಹಿಡಿತದ ವಿಷಯಕ್ಕೆ ಬರೋಣ. ‘ಗುರುತ್ವ ಕಡಿಮೆ ಇದ್ದರೆ ಚಂದ್ರ ಇರೋಕೆ ಆಗಲ್ಲ’ ಅನ್ನುವ ಭಾವನೆ ಬಹಳ ಜನಕ್ಕಿದೆ. ಚಂದ್ರ ಇರಬೇಕಾದರೆ ಇಂತಿಷ್ಟು ಗುರುತ್ವ ಇರಲೇಬೇಕು ಅನ್ನುವ ನಿಯಮ ಪ್ರಕೃತಿಯಲ್ಲಿ ಇಲ್ಲ. ಬೇಕಾದದ್ದು ಎರಡೇ. ಒಂದು, ಚಂದ್ರ ಆ ಗುರುತ್ವಕ್ಕೆ ತಕ್ಕ ನಿಧಾನದಲ್ಲಿ ಸುತ್ತಬೇಕು. ಇನ್ನೊಂದು, ಅದು ಸೂರ್ಯ ಕಿತ್ತುಕೊಳ್ಳದಷ್ಟು ಹತ್ತಿರ ಇರಬೇಕು.

ಎರಡನೆಯದನ್ನು ಮೊದಲು ನೋಡೋಣ. ಸೂರ್ಯ ಸಿಲ್ವಿಯಾವನ್ನೂ ಎಳೆಯುತ್ತಾನೆ, ಅದರ ಚಂದ್ರವನ್ನೂ ಎಳೆಯುತ್ತಾನೆ. ಎರಡನ್ನೂ ಹೆಚ್ಚುಕಡಿಮೆ ಒಂದೇ ಸಮ ಎಳೆಯುವುದರಿಂದ ಅವುಗಳ ನಡುವೆ ಬಿರುಕು ಬರುವುದಿಲ್ಲ. ಬಿರುಕು ಮೂಡಿಸುವುದು ಎರಡು ಎಳೆತಗಳ ನಡುವಿನ ಚೂರು ವ್ಯತ್ಯಾಸ. ಆ ವ್ಯತ್ಯಾಸಕ್ಕಿಂತ ಸಿಲ್ವಿಯಾದ ಸ್ವಂತ ಎಳೆತ ಎಲ್ಲಿಯವರೆಗೆ ಜಾಸ್ತಿ ಇರುತ್ತದೋ ಅಲ್ಲಿಯವರೆಗಿನ ಪ್ರದೇಶ ಅದರದ್ದು. ಇದಕ್ಕೆ ಹಿಲ್ ವಲಯ ಅನ್ನುತ್ತಾರೆ. ಸಿಲ್ವಿಯಾದ ಹಿಲ್ ವಲಯ ಸುಮಾರು 70,000 ಕಿಲೋಮೀಟರ್ ದೂರದವರೆಗೆ ಚಾಚಿದೆ. ಆಶ್ಚರ್ಯ ಆಗುತ್ತದೆ ಅಲ್ವಾ? ಸೂರ್ಯ ಅಷ್ಟು ದೂರ ಇರುವುದೇ ಇದಕ್ಕೆ ಮುಖ್ಯ ಕಾರಣ. ಇದೇ ಕಲ್ಲನ್ನು ಭೂಮಿ ಇರುವ ಜಾಗಕ್ಕೆ ತಂದಿಟ್ಟರೆ ಆ ವಲಯ 20,000 ಕಿಲೋಮೀಟರಿಗೆ ಕುಗ್ಗುತ್ತದೆ.

ಎರಡು ಚಂದ್ರಗಳಲ್ಲಿ ದೊಡ್ಡದರ ಹೆಸರು ರೊಮುಲಸ್. ಅದು ಸಿಲ್ವಿಯಾದ ಕೇಂದ್ರದಿಂದ 1,357 ಕಿಲೋಮೀಟರ್ ದೂರದಲ್ಲಿ ಸುತ್ತುತ್ತಿದೆ. ಅಂದರೆ 70,000 ಕಿಲೋಮೀಟರ್ ವಲಯದ ನೂರಕ್ಕೆ ಎರಡು ಪಾಲು ದೂರ ಮಾತ್ರ. ಚಿಕ್ಕದು ರೆಮಸ್, ಇನ್ನೂ ಒಳಗೆ, 706 ಕಿಲೋಮೀಟರಿನಲ್ಲಿದೆ. ನಮ್ಮ ಚಂದ್ರನನ್ನು ಹೋಲಿಸಿ ನೋಡಿ. ಭೂಮಿಯ ಹಿಲ್ ವಲಯ 15 ಲಕ್ಷ ಕಿಲೋಮೀಟರ್, ಚಂದ್ರ ಇರುವುದು 3.84 ಲಕ್ಷದಲ್ಲಿ, ಕಾಲು ಭಾಗ ದಾಟಿ. ಹೀಗೆ ನೋಡಿದರೆ ಭೂಮಿ ತನ್ನ ಚಂದ್ರನನ್ನು ಹಿಡಿದಿರುವುದಕ್ಕಿಂತ ಸಿಲ್ವಿಯಾ ತನ್ನವನ್ನು ಜಾಸ್ತಿ ಭದ್ರವಾಗಿ ಹಿಡಿದಿದೆ.

ಇನ್ನು ನಿಧಾನದ ವಿಷಯ. ರೊಮುಲಸ್‌ಗೆ ಒಂದು ಸುತ್ತಿಗೆ 87.6 ಗಂಟೆ ಬೇಕು, ಮೂರೂವರೆ ದಿನಕ್ಕಿಂತ ಸ್ವಲ್ಪ ಜಾಸ್ತಿ. ದಾರಿಯ ಉದ್ದ ಸುಮಾರು 8,530 ಕಿಲೋಮೀಟರ್. ಭಾಗಿಸಿದರೆ ವೇಗ ಗಂಟೆಗೆ 97 ಕಿಲೋಮೀಟರ್. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳಿಗೆ ಇರುವ ನೂರರ ಮಿತಿಯೊಳಗೇ ಅದು ಓಡುತ್ತಿದೆ! ಒಳಗಿನ ರೆಮಸ್ 33 ಗಂಟೆಗೆ ಒಂದು ಸುತ್ತು ಮುಗಿಸುತ್ತದೆ, ವೇಗ ಗಂಟೆಗೆ 134. ನಮ್ಮ ಚಂದ್ರನ ವೇಗ ಗಂಟೆಗೆ 3,600 ಕಿಲೋಮೀಟರ್ ಮೀರುತ್ತದೆ. ಗುರುತ್ವ ಕಡಿಮೆ ಇದ್ದಲ್ಲಿ ಚಂದ್ರ ನಿಧಾನ ಸುತ್ತುತ್ತದೆ, ಅಷ್ಟೇ ವ್ಯತ್ಯಾಸ.

ಹಾಗಂತ ಅಲ್ಲಿಂದ ಯಾರು ಬೇಕಾದರೂ ಎಗರಿಹೋಗಬಹುದು ಅಂದುಕೊಳ್ಳಬೇಡಿ. ಸಿಲ್ವಿಯಾದ ನೆಲದಿಂದ ಪೂರ್ತಿ ತಪ್ಪಿಸಿಕೊಳ್ಳಲು ಗಂಟೆಗೆ ಸುಮಾರು 430 ಕಿಲೋಮೀಟರ್ ವೇಗ ಬೇಕು. ನಿಮ್ಮ ತೂಕ ಅಲ್ಲಿ ಇಲ್ಲಿಯ ಇನ್ನೂರರಲ್ಲಿ ಒಂದು ಪಾಲಿಗೆ ಹತ್ತಿರ ಇಳಿಯುತ್ತದೆ, ನಿಜ. ಆದರೂ ಕಾಲ ಬಲದಿಂದ ನೆಗೆದು ಹೋಗಿಬಿಡುವ ಜಾಗ ಅದಲ್ಲ.

ಈಗ ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ. ನೀವು ಕ್ಯಾಲ್ಕುಲೇಟರ್ ತೆಗೆದುಕೊಂಡು ಕೂತರೆ ಚೆನ್ನ.

ಕೆಪ್ಲರ್‌ನ ಮೂರನೇ ನಿಯಮ ಪಿಯುಸಿಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇ. ದೂರದ ಘನ, ಅವಧಿಯ ವರ್ಗ, ಎರಡೂ ಒಂದೇ ಪ್ರಮಾಣದಲ್ಲಿ ಹೋಗುತ್ತವೆ. ಅದನ್ನು ಇಲ್ಲಿ ಪರೀಕ್ಷೆ ಮಾಡಿ. ರೊಮುಲಸ್‌ನ ದೂರವನ್ನು ರೆಮಸ್‌ನ ದೂರದಿಂದ ಭಾಗಿಸಿ: 1,357 ಭಾಗಿಸು 706, ಉತ್ತರ 1.92. ಅದರ ಘನ 7.1. ಈಗ ಅವಧಿಗಳು: 87.6 ಭಾಗಿಸು 33.1, ಉತ್ತರ 2.65. ಅದರ ವರ್ಗ 7.0. ಎರಡೂ ಏಳರ ಹತ್ತಿರ ಬಂದು ನಿಂತವು. ಉಳಿದ ಚೂರು ವ್ಯತ್ಯಾಸ ಅಳತೆಯ ಮಿತಿಯೊಳಗಿನದು. ಗ್ರಹಗಳಿಗಾಗಿ 1619ರಲ್ಲಿ ಅಚ್ಚಾದ ನಿಯಮ, ಐವತ್ತು ಕೋಟಿ ಕಿಲೋಮೀಟರ್ ಆಚೆಯ ಎರಡು ಪುಟ್ಟ ಬಂಡೆಗಳಿಗೂ ಹಾಗೆಯೇ ಕೂಡಿಬರುತ್ತದೆ.

ಕೆಪ್ಲರ್ ಹೇಳಿದ್ದು ಪ್ರಮಾಣ ಮಾತ್ರ. ನ್ಯೂಟನ್ ಬಂದ ಮೇಲೆ ಅದರಲ್ಲಿ ತೂಕವೂ ಸೇರಿತು. ಚಂದ್ರ ಎಷ್ಟು ದೂರದಲ್ಲಿ ಎಷ್ಟು ಹೊತ್ತಿಗೆ ಸುತ್ತುತ್ತದೆ ಎಂದು ಗೊತ್ತಾದರೆ, ನಡುವೆ ಕೂತಿರುವುದು ಎಷ್ಟು ಭಾರ ಎಂದು ನೇರವಾಗಿ ಹೇಳಬಹುದು. ಚಂದ್ರದ ತೂಕ ಗೊತ್ತಿರಬೇಕಾಗಿಲ್ಲ, ನಡುವಿನದು ಕಲ್ಲೋ ಹಿಮವೋ ತಿಳಿದಿರಬೇಕಾಗಿಲ್ಲ. ಮೇಲಿನ ಅಂಕಿಗಳನ್ನು ಹಾಕಿದರೆ ಸಿಲ್ವಿಯಾದ ತೂಕ ಸುಮಾರು 148 ಕೋಟಿ ಕೋಟಿ ಟನ್ ಎಂದು ಬರುತ್ತದೆ. ನಮ್ಮ ಚಂದ್ರನ ತೂಕದ ಐದು ಸಾವಿರದಲ್ಲಿ ಒಂದು ಪಾಲು. ರೆಮಸ್‌ನಿಂದ ಲೆಕ್ಕ ಹಾಕಿದರೂ ಹೆಚ್ಚುಕಡಿಮೆ ಅದೇ ಉತ್ತರ. ಒಂದೇ ಚಂದ್ರ ಇದ್ದಿದ್ದರೆ ಲೆಕ್ಕ ಸರಿಯಿದೆಯೋ ಎಂದು ತಾಳೆ ನೋಡಲು ಇನ್ನೊಂದು ಇರುತ್ತಿರಲಿಲ್ಲ.

ಚಂದ್ರ ಇಲ್ಲದ ಕ್ಷುದ್ರಗ್ರಹಗಳ ಪಾಡು ಬೇರೆ. ಅವು ಪಕ್ಕದಲ್ಲಿ ಹಾದುಹೋಗುವ ಇನ್ನೊಂದು ಕಲ್ಲಿನ ದಾರಿಯನ್ನು ಎಷ್ಟು ಚೂರು ಬಾಗಿಸಿದವು ಎಂದು ವರ್ಷಗಟ್ಟಲೆ ನೋಡಿ ತೂಕ ಅಂದಾಜು ಮಾಡಬೇಕು. ಅಲ್ಲಿ ತಪ್ಪು ನುಸುಳಲು ಜಾಗ ಜಾಸ್ತಿ.

ತೂಕ ಸಿಕ್ಕಿತು, ಗಾತ್ರ ಗೊತ್ತಿದೆ. ಭಾಗಿಸಿದರೆ ಸಾಂದ್ರತೆ: ಒಂದು ಘನ ಸೆಂಟಿಮೀಟರಿಗೆ 1.38 ಗ್ರಾಂ. ನೀರು 1. ನಮ್ಮ ಕಡೆಯ ಗ್ರಾನೈಟ್ 2.7ರ ಆಸುಪಾಸು. ವೆಸ್ಟಾ ಎಂಬ ದೊಡ್ಡ ಕ್ಷುದ್ರಗ್ರಹದ ಸಾಂದ್ರತೆ ಸುಮಾರು 3.4. ಹಾಗಾದರೆ ಸಿಲ್ವಿಯಾ ಗಟ್ಟಿ ಬಂಡೆ ಅಲ್ಲವೇ ಅಲ್ಲ. ಒಳಗೆ ಒಂದೋ ತುಂಬ ಹಿಮ ಇರಬೇಕು, ಇಲ್ಲ ತುಂಬ ಖಾಲಿ ಜಾಗ ಇರಬೇಕು, ಇಲ್ಲ ಎರಡೂ ಇರಬೇಕು.

ನೀವು ಓದಿದ ಎರಡು ಮಾತುಗಳು ಬರುವುದು ಇಲ್ಲಿಂದಲೇ. ‘ಕಲ್ಲಿನ ರಾಶಿ’ ಎಂಬ ಮಾತು 2005ರದ್ದು. ಆ ವರ್ಷ ಫ್ರಾಂಕ್ ಮಾರ್ಶಿ ಮತ್ತು ಜೊತೆಗಾರರು ರೆಮಸ್ ಸಿಕ್ಕ ಸುದ್ದಿಯನ್ನು ಪ್ರಕಟಿಸಿದರು. ಎರಡು ಚಂದ್ರ ಇರುವ ಕ್ಷುದ್ರಗ್ರಹ ಒಂದು ಇದೆ ಎಂದು ಜಗತ್ತಿಗೆ ಗೊತ್ತಾಗಿದ್ದು ಅದೇ ಮೊದಲು. ಆಗಿನ ಗಾತ್ರದ ಅಂದಾಜು ಈಗಿನದಕ್ಕಿಂತ ಸ್ವಲ್ಪ ದೊಡ್ಡದಿತ್ತು, ಹಾಗಾಗಿ ಸಾಂದ್ರತೆ 1.2 ಎಂದು ಬಂತು. ಇಷ್ಟು ಹಗುರ ಇರಬೇಕಾದರೆ ಒಳಗೆ ಕಾಲು ಭಾಗದಿಂದ ಅರ್ಧಕ್ಕೂ ಮೀರಿ ಖಾಲಿ ಜಾಗ ಇರಬಹುದು, ಹಿಂದೆ ಯಾವಾಗಲೋ ಡಿಕ್ಕಿಯಲ್ಲಿ ಒಡೆದ ಚೂರುಗಳು ಮತ್ತೆ ಒಟ್ಟು ಸೇರಿ ಆದ ರಾಶಿ ಇದು ಎಂದು ಅವರು ತೀರ್ಮಾನಿಸಿದರು.

‘ಗಟ್ಟಿ ತಿರುಳು’ 2021ರ ಮಾತು. ಆ ಹೊತ್ತಿಗೆ ಚಿಲಿಯ ವೆರಿ ಲಾರ್ಜ್ ಟೆಲಿಸ್ಕೋಪಿನ ಸ್ಫಿಯರ್ ಎಂಬ ಉಪಕರಣ ಸಿಲ್ವಿಯಾದ ಆಕಾರವನ್ನು ಚೆನ್ನಾಗಿ ತೋರಿಸಿತ್ತು. ಇಪ್ಪತ್ತು ವರ್ಷ ಚಂದ್ರಗಳು ಎಲ್ಲೆಲ್ಲಿದ್ದವು ಎಂಬ ದಾಖಲೆಯೂ ಕೂಡಿಬಂದಿತ್ತು. ಬೆನ್ವಾ ಕ್ಯಾರಿ ಮತ್ತು ಜೊತೆಗಾರರು ಇವೆರಡನ್ನೂ ಸೇರಿಸಿ ಒಂದು ಸೂಕ್ಷ್ಮವಾದ ಪ್ರಶ್ನೆ ಕೇಳಿದರು.

ಅದು ಹೀಗಿದೆ. ನಡುವಿನ ದೇಹ ಪೂರ್ತಿ ದುಂಡಗಿದ್ದರೆ ಚಂದ್ರದ ಕಕ್ಷೆ ಒಂದೇ ಕಡೆ ಮುಖ ಮಾಡಿ ನಿಂತಿರುತ್ತದೆ. ಸಿಲ್ವಿಯಾದಂತೆ ಉದ್ದುದ್ದ ಇದ್ದರೆ ಹಾಗಾಗುವುದಿಲ್ಲ. ಚಂದ್ರ ಸುತ್ತುತ್ತಿರುವಾಗಲೇ ಅದರ ಕಕ್ಷೆಯೂ ನಿಧಾನಕ್ಕೆ ತಿರುಗುತ್ತಾ ಹೋಗುತ್ತದೆ. ಎಷ್ಟು ಬೇಗ ತಿರುಗುತ್ತದೆ ಅನ್ನುವುದು ತೂಕ ಎಲ್ಲೆಲ್ಲಿ ಹಂಚಿಕೊಂಡಿದೆ ಎಂಬುದರ ಮೇಲೆ ನಿಂತಿದೆ. ಸಿಲ್ವಿಯಾದ ಹೊರ ಆಕಾರ ಗೊತ್ತಿರುವುದರಿಂದ, ಒಳಗೆಲ್ಲ ಒಂದೇ ಸಮ ತುಂಬಿಕೊಂಡಿದ್ದರೆ ಕಕ್ಷೆ ಎಷ್ಟು ಬೇಗ ತಿರುಗಬೇಕು ಎಂದು ಲೆಕ್ಕ ಹಾಕಬಹುದು. ನಿಜವಾಗಿ ಕಂಡ ವೇಗ ಅದಕ್ಕಿಂತ ಸಾಕಷ್ಟು ಕಡಿಮೆ. ಇದರ ಅರ್ಥ ಏನು? ಹೊರಗಿನ ಉದ್ದದ ತುದಿಗಳು ನೋಡಲು ದೊಡ್ಡವು, ಆದರೆ ಅವುಗಳಲ್ಲಿ ತೂಕ ಇಲ್ಲ. ತೂಕ ನಡುವಿನಲ್ಲಿ ಒಟ್ಟಾಗಿದೆ.

ಇದಕ್ಕೆ ಅವರು ಕೊಡುವ ವಿವರಣೆ ನನಗೆ ಒಪ್ಪಿಗೆ. ಸೌರವ್ಯೂಹ ಹುಟ್ಟಿದ ಹೊಸದರಲ್ಲಿ ಇಂಥ ದೇಹಗಳು ಕಲ್ಲುಧೂಳು ಮತ್ತು ಹಿಮ ಕೂಡಿ ಆದವು. ಅವುಗಳೊಳಗೆ ಅಲ್ಯೂಮಿನಿಯಂ–26ರಂಥ ವಿಕಿರಣಶೀಲ ವಸ್ತುಗಳು ಇದ್ದವು. ಅವುಗಳ ಕಾವು ನಡುವಿನಲ್ಲಿ ಹೊರಹೋಗಲಾರದೆ ಉಳಿಯಿತು, ಅಲ್ಲಿನ ಹಿಮ ಕರಗಿತು. ಕರಗಿದ ಜಾಗ ಕುಸಿದು ಬಿಗಿಯಾಯಿತು. ಹೊರಮೈ ಹತ್ತಿರ ಕಾವು ಸೋರಿಹೋಗಿ, ಅಲ್ಲಿ ಮೊದಲಿನ ಸಡಿಲವಾದ, ಸಂದುಗೊಂದು ತುಂಬಿದ ಪದರ ಹಾಗೇ ಉಳಿಯಿತು. ಬಿಗಿಯಾದ ನಡು, ಸಡಿಲವಾದ ಹೊರಪದರ.

ಹಾಗಾದರೆ ಎರಡರಲ್ಲಿ ಯಾವುದು ಸರಿ? 2005ರಲ್ಲಿ ಹೇಳಿದ ‘ಹಗುರ, ಒಳಗೆ ತುಂಬ ಖಾಲಿ’ ಅನ್ನುವುದು ಇವತ್ತಿಗೂ ನಿಂತಿದೆ. ಬದಲಾಗಿದ್ದು ಆ ಖಾಲಿ ಜಾಗ ಎಲ್ಲಿದೆ ಅನ್ನುವುದು. ಮೊದಲು ಎಲ್ಲ ಕಡೆ ಒಂದೇ ಸಮ ಅಂದುಕೊಂಡಿದ್ದರು, ಈಗ ಹೊರಪದರದಲ್ಲಿ ಜಾಸ್ತಿ ಎಂದು ತೋರುತ್ತಿದೆ. ಪೇಪರಿನಲ್ಲಿ ಬರುವ ತಲೆಬರಹಗಳು ಇದನ್ನು ಎರಡು ಪಕ್ಷಗಳ ಜಗಳದಂತೆ ತೋರಿಸುತ್ತವೆ, ಅದು ಹಾಗಲ್ಲ. ಒಂದು ಮಾತು ನೆನಪಿರಲಿ. ತೂಕ ಮತ್ತು ಸಾಂದ್ರತೆ ಅಳೆದು ಕಂಡದ್ದು. ಎರಡು ಪದರದ ಚಿತ್ರ ಆ ಅಳತೆಗೆ ಹೊಂದುವ ಮಾದರಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು.

ಇನ್ನು ಚಂದ್ರಗಳು ಎಲ್ಲಿಂದ ಬಂದವು? ಎಲ್ಲಿಂದಲೋ ಹಾರಿಬಂದು ಸಿಕ್ಕಿಹಾಕಿಕೊಂಡವು ಅನ್ನುವುದು ಬಹುತೇಕ ಸಾಧ್ಯವಿಲ್ಲ. ಹಾಗೆ ಸಿಕ್ಕಿಬಿದ್ದ ಕಲ್ಲುಗಳ ಕಕ್ಷೆ ಓರೆಕೋರೆಯಾಗಿ, ಉದ್ದುದ್ದವಾಗಿ ಇರುತ್ತದೆ. ರೊಮುಲಸ್ ಮತ್ತು ರೆಮಸ್ ಕಕ್ಷೆಗಳು ಹೆಚ್ಚುಕಡಿಮೆ ದುಂಡಗಿವೆ. ಸಿಲ್ವಿಯಾದ ಸಮಭಾಜಕದ ಮಟ್ಟದಲ್ಲೇ ಇವೆ, ಸಿಲ್ವಿಯಾ ತಿರುಗುವ ದಿಕ್ಕಿನಲ್ಲೇ ಸುತ್ತುತ್ತಿವೆ. ಇದು ಮನೆಯಲ್ಲೇ ಹುಟ್ಟಿದ ಮಕ್ಕಳ ಲಕ್ಷಣ. ದೊಡ್ಡ ಡಿಕ್ಕಿಯೊಂದರಲ್ಲಿ ಎದ್ದ ಚೂರುಗಳಲ್ಲಿ ಬಹಳಷ್ಟು ವಾಪಸ್ ಬಿದ್ದವು. ಕೆಲವು ಸೂರ್ಯನ ಸುತ್ತ ತಮ್ಮದೇ ದಾರಿ ಹಿಡಿದವು, ಸಿಲ್ವಿಯಾ ಕುಟುಂಬ ಎಂದು ಈಗ ಗುರುತಿಸುವ ಸಣ್ಣ ಕ್ಷುದ್ರಗ್ರಹಗಳು ಅವೇ. ಇನ್ನು ಕೆಲವು ಸುತ್ತಲೂ ಉಳಿದು ಒಂದಕ್ಕೊಂದು ಅಂಟಿ ಚಂದ್ರಗಳಾದವು. ರೊಮುಲಸ್ ಇಪ್ಪತ್ತು ಕಿಲೋಮೀಟರಿನ ಆಸುಪಾಸು, ರೆಮಸ್ ಅದರ ಅರ್ಧಕ್ಕೂ ಕಡಿಮೆ.

ಇನ್ನೊಂದು ಸ್ವಾರಸ್ಯ ಇದೆ. ಅಷ್ಟು ಕಾಲ ಗುರುವಿನ ಕಾಟ ತಡೆದುಕೊಂಡು ಇವು ಹೇಗೆ ಉಳಿದವು ಎಂದು 2009ರಲ್ಲಿ ಬ್ರೆಜಿಲ್‌ನ ಸಂಶೋಧಕರು ಕಂಪ್ಯೂಟರಿನಲ್ಲಿ ಪರೀಕ್ಷಿಸಿದರು. ಸಿಲ್ವಿಯಾ ದುಂಡಗಿದೆ ಎಂದು ಭಾವಿಸಿ ಲೆಕ್ಕ ಹಾಕಿದರೆ ಚಂದ್ರಗಳ ಕಕ್ಷೆ ಕಾಲಕ್ರಮೇಣ ಕೆಡುತ್ತದೆ. ಅದರ ನಿಜವಾದ ಉದ್ದನೆ ಆಕಾರವನ್ನು ಸೇರಿಸಿದರೆ ಕಕ್ಷೆಗಳು ನಿಲ್ಲುತ್ತವೆ. ಮೇಲೆ ಹೇಳಿದೆನಲ್ಲ, ಕಕ್ಷೆ ನಿಧಾನಕ್ಕೆ ತಿರುಗುತ್ತದೆ ಎಂದು. ಆ ತಿರುಗಾಟವೇ ಹೊರಗಿನ ಎಳೆತ ಒಂದೇ ಕಡೆ ಕೂಡಿಬರದಂತೆ ತಪ್ಪಿಸುತ್ತದೆ.

ಇವನ್ನು ನೋಡಿದ್ದಾದರೂ ಹೇಗೆ? ರೊಮುಲಸ್ ಮೊದಲು ಕಂಡಿದ್ದು 2001ರ ಫೆಬ್ರವರಿಯಲ್ಲಿ, ಹವಾಯಿಯ ಕೆಕ್ ಟೆಲಿಸ್ಕೋಪಿನಲ್ಲಿ, ಮೈಕಲ್ ಬ್ರೌನ್ ಮತ್ತು ಜಾನ್-ಲ್ಯೂಕ್ ಮಾರ್ಗೊ ಅವರಿಗೆ. ರೆಮಸ್ 2004ರ ಆಗಸ್ಟ್‌ನಲ್ಲಿ ಚಿಲಿಯಿಂದ ತೆಗೆದ ಚಿತ್ರಗಳಲ್ಲಿ ಸಿಕ್ಕಿತು. ಭೂಮಿಯಿಂದ ನೋಡಿದರೆ ರೊಮುಲಸ್ ಸಿಲ್ವಿಯಾದಿಂದ ಒಂದು ಆರ್ಕ್‌ಸೆಕೆಂಡಿನಷ್ಟೂ ದೂರ ಸರಿಯುವುದಿಲ್ಲ. ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿಯನ್ನು 3,600 ಹೋಳು ಮಾಡಿದರೆ ಅದರಲ್ಲಿ ಒಂದು. ನಮ್ಮ ತಲೆಯ ಮೇಲಿನ ಗಾಳಿ ಅಲುಗಾಡುವುದರಿಂದ ಅಷ್ಟು ಸಣ್ಣ ಅಂತರ ಕಲಸಿಹೋಗುತ್ತದೆ. ಅಡಾಪ್ಟಿವ್ ಆಪ್ಟಿಕ್ಸ್ ಎಂಬ ತಂತ್ರದಲ್ಲಿ ಟೆಲಿಸ್ಕೋಪಿನ ಒಂದು ತೆಳು ಕನ್ನಡಿಯನ್ನು ಸೆಕೆಂಡಿಗೆ ನೂರಾರು ಸಲ ಬಾಗಿಸಿ ಆ ಅಲುಗಾಟವನ್ನು ಸರಿಮಾಡುತ್ತಾರೆ. ಅದಕ್ಕೆ ಪಕ್ಕದಲ್ಲಿ ಸಾಕಷ್ಟು ಹೊಳೆಯುವ ಬೆಳಕಿನ ಚುಕ್ಕಿ ಬೇಕು, ಅಲುಗಾಟ ಅಳೆಯಲಿಕ್ಕೆ. ಇಲ್ಲಿ ಸಿಲ್ವಿಯಾವೇ ಆ ಚುಕ್ಕಿ. ರೆಮಸ್‌ಗೆ ಮೂರು ವರ್ಷ ಹೆಚ್ಚು ಬೇಕಾಗಿದ್ದು ಅದು ಚಿಕ್ಕದು, ಮೇಲಾಗಿ ಸಿಲ್ವಿಯಾದ ಪ್ರಭೆಯೊಳಗೇ ಅಡಗಿರುತ್ತದೆ ಎಂಬ ಕಾರಣಕ್ಕೆ.

ದೊಡ್ಡ ಟೆಲಿಸ್ಕೋಪ್ ಇಲ್ಲದವರಿಗೂ ಇದರಲ್ಲಿ ಪಾಲಿದೆ. 2013ರ ಜನವರಿ 6ರಂದು ಸಿಲ್ವಿಯಾ ಒಂದು ನಕ್ಷತ್ರದ ಮುಂದೆ ಹಾದುಹೋಯಿತು. ದಕ್ಷಿಣ ಯುರೋಪಿನಲ್ಲಿ ಅಲ್ಲಲ್ಲಿ ಹರಡಿಕೊಂಡ ವೀಕ್ಷಕರು, ಅದರಲ್ಲಿ ಹವ್ಯಾಸಿಗಳೇ ಹೆಚ್ಚು, ನಕ್ಷತ್ರ ಯಾವಾಗ ಮರೆಯಾಯಿತು, ಯಾವಾಗ ಮತ್ತೆ ಕಂಡಿತು ಎಂದು ಸಮಯ ಗುರುತಿಸಿದರು. ನಾಲ್ಕು ಜನರಿಗೆ ರೊಮುಲಸ್‌ನ ನೆರಳೂ ಸಿಕ್ಕಿತು. ಆ ಕ್ಷಣಮಾತ್ರದ ಮರೆಯಿಂದಲೇ ರೊಮುಲಸ್ ಕೂಡ ದುಂಡಗಿಲ್ಲ, ಉದ್ದುದ್ದ ಇದೆ ಎಂದು ಗೊತ್ತಾಯಿತು.

ಈಗ ಮದ್ರಾಸ್. ಸಿಲ್ವಿಯಾ ಸಿಕ್ಕಿದ್ದು 1866ರ ಮೇ 16ರಂದು, ನುಂಗಂಬಾಕ್ಕಂನಲ್ಲಿದ್ದ ಮದ್ರಾಸ್ ವೀಕ್ಷಣಾಲಯದಲ್ಲಿ. ಕಂಡುಹಿಡಿದವರು ನಾರ್ಮನ್ ಪೋಗ್ಸನ್. ಇಂಗ್ಲೆಂಡಿನಿಂದ 1861ರಲ್ಲಿ ಸರ್ಕಾರಿ ಖಗೋಳಜ್ಞರಾಗಿ ಬಂದವರು, 1891ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಬಂದ ವರ್ಷವೇ ಮೊದಲ ಕ್ಷುದ್ರಗ್ರಹ ಸಿಕ್ಕಿತು. ಏಷ್ಯಾ ಖಂಡದಿಂದ ಸಿಕ್ಕ ಮೊದಲನೆಯದು, ಹಾಗಾಗಿ ಅದಕ್ಕೆ ‘ಏಷ್ಯಾ’ ಎಂದೇ ಹೆಸರಿಟ್ಟರು. ಆಮೇಲೆ ಸಾಫೊ, ಸಿಲ್ವಿಯಾ, 1868ರಲ್ಲಿ ಕ್ಯಾಮಿಲಾ, 1885ರಲ್ಲಿ ವೆರಾ. ಕ್ಯಾಮಿಲಾ ಕೂಡ ಸಿಲ್ವಿಯಾದ ಪಕ್ಕದಲ್ಲೇ, ಹೊರಪಟ್ಟಿಯ ದೊಡ್ಡ ಕಲ್ಲು. ಅದಕ್ಕೂ ಎರಡು ಚಂದ್ರ ಇವೆ, ಎರಡನೆಯದು ಸಿಕ್ಕಿದ್ದು 2016ರಲ್ಲಿ. ಒಬ್ಬನೇ ಮನುಷ್ಯ ಒಂದೇ ಜಾಗದಿಂದ ಹುಡುಕಿದ ಐದರಲ್ಲಿ ಎರಡಕ್ಕೆ ಜೋಡಿ ಚಂದ್ರಗಳು! ಆ ಕಾಲದ ಟೆಲಿಸ್ಕೋಪಿನಲ್ಲಿ ಅದನ್ನು ಊಹಿಸಲೂ ಸಾಧ್ಯವಿರಲಿಲ್ಲ.

ಆಗ ಫೋಟೋ ಇಲ್ಲ. ಕ್ಷುದ್ರಗ್ರಹ ಹುಡುಕಲು ಫೋಟೋ ಬಳಸಿದ್ದು 1891ರಿಂದ ಈಚೆಗೆ. ಅದಕ್ಕೂ ಮುಂಚೆ ಕಣ್ಣು, ಟೆಲಿಸ್ಕೋಪ್, ಕೈಯಲ್ಲಿ ನಕ್ಷತ್ರಗಳ ನಕ್ಷೆ, ಇಷ್ಟೇ. ನಕ್ಷೆಯಲ್ಲಿಲ್ಲದ ಚುಕ್ಕಿ ಕಂಡರೆ ಗುರುತು ಹಾಕಿಕೊಂಡು, ಮರುದಿನ ರಾತ್ರಿ ಅದು ಸರಿದಿದೆಯೇ ನೋಡಬೇಕು. ಪೋಗ್ಸನ್ ಬಳಿ ಸಿಬ್ಬಂದಿ ಕಡಿಮೆ. ಅಲ್ಲೇ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ ಆರ್ ರೆಟಿಕ್ಯುಲಿ ಎಂಬ ನಕ್ಷತ್ರದ ಬೆಳಕು ಏರಿಳಿಯುತ್ತದೆ ಎಂದು ಕಂಡುಹಿಡಿದರು. ಅವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನೂ ಕಾಣಿಸಬೇಕು.

ರೋಮನ್ನರ ಕಥೆಯಲ್ಲಿ ರಿಯಾ ಸಿಲ್ವಿಯಾ ಅವಳಿ ಮಕ್ಕಳಾದ ರೊಮುಲಸ್ ಮತ್ತು ರೆಮಸ್‌ನ ತಾಯಿ. 2005ರಲ್ಲಿ ಚಂದ್ರಗಳಿಗೆ ಹೆಸರಿಡುವಾಗ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ.

ಮದ್ರಾಸ್ ವೀಕ್ಷಣಾಲಯದ ಕೆಲಸ 1899ರಲ್ಲಿ ಕೊಡೈಕನಾಲಿಗೆ ಹೋಯಿತು. ಅದರ ವಂಶ ಈಗ ಬೆಂಗಳೂರಿನ ಕೋರಮಂಗಲದಲ್ಲಿದೆ, ಭಾರತೀಯ ಖಭೌತ ಸಂಸ್ಥೆಯ ರೂಪದಲ್ಲಿ. ಪೋಗ್ಸನ್ ವೆರಾ ಕಂಡ ಮೇಲೆ ಭಾರತದ ನೆಲದಿಂದ ಮುಂದಿನ ಕ್ಷುದ್ರಗ್ರಹ ಸಿಗಲು ನೂರು ವರ್ಷ ದಾಟಬೇಕಾಯಿತು. 1988ರಲ್ಲಿ ಅದೇ ಸಂಸ್ಥೆಯ ಆರ್. ರಾಜಮೋಹನ್ ತಂಡ ಕಾವಲೂರಿನಿಂದ ಒಂದನ್ನು ಹುಡುಕಿತು. ಅದರ ಹೆಸರು 4130 ರಾಮಾನುಜನ್.

ಕೊನೆಗೆ ನಿಮ್ಮ ಟೆಲಿಸ್ಕೋಪ್. ನಕ್ಷತ್ರಗಳ ಹೊಳಪು ಅಳೆಯುವ ಮ್ಯಾಗ್ನಿಟ್ಯೂಡ್ ಲೆಕ್ಕವನ್ನು ಇವತ್ತಿನ ರೂಪಕ್ಕೆ ತಂದದ್ದೂ ಪೋಗ್ಸನ್ನೇ, 1856ರಲ್ಲಿ, ಮದ್ರಾಸಿಗೆ ಬರುವ ಮುಂಚೆ. ಐದು ಮ್ಯಾಗ್ನಿಟ್ಯೂಡ್ ಹೆಚ್ಚಾದರೆ ಹೊಳಪು ನೂರು ಪಟ್ಟು ಕಡಿಮೆ, ಒಂದು ಹೆಚ್ಚಾದರೆ ಸುಮಾರು ಎರಡೂವರೆ ಪಟ್ಟು. ಕತ್ತಲ ಆಕಾಶದಲ್ಲಿ ಬರಿಗಣ್ಣಿಗೆ ಕಾಣುವುದು 6ರವರೆಗೆ. ಸಿಲ್ವಿಯಾ ಭೂಮಿಗೆ ಹತ್ತಿರ ಬಂದಾಗಲೂ 12ರ ಆಸುಪಾಸು. ಅಂದರೆ ನಿಮ್ಮ ಕಣ್ಣಿಗೆ ಕಾಣುವ ಅತಿ ಮಂಕು ನಕ್ಷತ್ರಕ್ಕಿಂತ 250 ಪಟ್ಟು ಮಂಕು. ಬೈನಾಕ್ಯುಲರ್ ಸಾಲದು. ಆರರಿಂದ ಎಂಟು ಇಂಚಿನ ಟೆಲಿಸ್ಕೋಪ್ ಇದ್ದರೆ ಸಾಧ್ಯ. ಚಂದ್ರಗಳು ಮಾತ್ರ ಕಾಣುವುದಿಲ್ಲ. ಹವ್ಯಾಸಿ ಟೆಲಿಸ್ಕೋಪಿನಲ್ಲಿ ಅವು ಕಂಡವು ಎಂದು ಯಾರಾದರೂ ಫೋಟೋ ತೋರಿಸಿದರೆ ನಂಬಬೇಡಿ.

ಸಿಲ್ವಿಯಾ ಸೂರ್ಯನಿಗೆ ನೇರ ಎದುರು ಬರುವ ತಿಂಗಳು ಯಾವುದೆಂದು ಸ್ಟೆಲೇರಿಯಂನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ನೋಡಿಕೊಳ್ಳಿ, ಸುಮಾರು ಹದಿನಾಲ್ಕು ತಿಂಗಳಿಗೊಮ್ಮೆ ಹಾಗೆ ಬರುತ್ತದೆ. ಆ ಜಾಗದ ಚುಕ್ಕಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಮರುದಿನ ರಾತ್ರಿ ಅದೇ ಹೊತ್ತಿಗೆ ಮತ್ತೆ ನೋಡಿ. ಹುಣ್ಣಿಮೆ ಚಂದ್ರನ ಅಗಲದ ಮೂರನೇ ಒಂದರಷ್ಟು ಸರಿದಿರುವ ಚುಕ್ಕಿ ಯಾವುದೋ ಅದೇ ಸಿಲ್ವಿಯಾ. ಅಮಾವಾಸ್ಯೆಯ ಹತ್ತಿರದ ರಾತ್ರಿ ಆರಿಸಿಕೊಳ್ಳಿ, ಊರ ದೀಪಗಳಿಂದ ಆಚೆ ಹೋಗಿ. ಅದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದರೆ ಮಲೆನಾಡಿನ ಮೋಡ ಬಿಡುವುದಿಲ್ಲ, ಮುಂದಿನ ಸರದಿಗೆ ಕಾಯುವುದೇ ಒಳ್ಳೆಯದು.